ದ್ರಾಸ್ ಯುದ್ಧ ಸ್ಮಾರಕ: ತೊಲೊಲಿಂಗ್ ಬುಡದಲ್ಲಿ ನಿಂತು ನೋಡಬೇಕಾದ್ದು

ಲಡಾಖ್ ಪ್ರವಾಸಕ್ಕೆ ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ: ದ್ರಾಸ್‌ನ ಕಾರ್ಗಿಲ್ ಯುದ್ಧ ಸ್ಮಾರಕಕ್ಕೆ ಅರ್ಧ ಗಂಟೆ ಅಂತ ಬರೆದಿರುವ ಪ್ಯಾಕೇಜ್ ತಗೊಳ್ಳಬೇಡಿ. ಅರ್ಧ ದಿನ ಬೇಕು. ನಮ್ಮನ್ನು ಕರೆದುಕೊಂಡು ಹೋದ ಟೂರ್‌ನವರ ಪಟ್ಟಿಯಲ್ಲೂ ಅದು ಟೀ ಬ್ರೇಕ್ ಜೊತೆ ಸೇರಿಸಿದ ಒಂದು ಸಾಲು ಅಷ್ಟೇ. ಡ್ರೈವರ್ ಒಳ್ಳೆಯ ಮನುಷ್ಯ, ಕೇಳಿಕೊಂಡಾಗ ಒಪ್ಪಿದ. ಆ ರಾತ್ರಿ ಕಾರ್ಗಿಲ್‌ನಲ್ಲೇ ಉಳಿಯುವ ಹಾಗೆ ಬದಲಾಯಿಸಿಕೊಂಡೆವು. ಸ್ಮಾರಕಕ್ಕೆ ಐದಕ್ಕೆ ಐದು ಕೊಡುತ್ತಿದ್ದೇನೆ. ಯಾಕೆ ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಈ ಜಾಗದ ಬಗ್ಗೆ ನಾನು ಓದಿದ ರಿವ್ಯೂಗಳು ಹೆಚ್ಚಿನವು "ಮೈ ಜುಮ್ ಅಂತು, ಜೈ ಹಿಂದ್" ಅನ್ನುವಲ್ಲಿಗೆ ಮುಗಿದುಹೋಗುತ್ತವೆ. ಮೈ ಜುಮ್ ಅನ್ನುವುದು ನಿಜವೇ. ಏನನ್ನು ನೋಡಿ ಜುಮ್ ಅಂತು ಅಂತ ಯಾರಾದರೂ ಬರೆಯಬೇಕಲ್ಲ.

ನಾನು ಭೂಮಾಪನದ ಕೆಲಸದಲ್ಲೇ ತಲೆ ನರೆಸಿಕೊಂಡವನು. ಬೆಟ್ಟ ಕಂಡರೆ ಮೊದಲು ಅದರ ಏರು ಎಷ್ಟು, ಎಲ್ಲಿಂದ ಎಲ್ಲಿಗೆ ಕಣ್ಣು ಹಾಯುತ್ತದೆ, ಎಲ್ಲಿ ಮರೆ ಸಿಗುತ್ತದೆ ಅಂತಲೇ ನೋಡುವುದು. ಈ ಅಭ್ಯಾಸ ದ್ರಾಸ್‌ನಲ್ಲಿ ಉಪಯೋಗಕ್ಕೆ ಬಂದ ಹಾಗೆ ಬೇರೆಲ್ಲೂ ಬಂದಿಲ್ಲ. ಬೇರೆ ಊರಿನ ಯುದ್ಧ ಸ್ಮಾರಕಗಳಲ್ಲಿ ಕಲ್ಲಿನ ಮೇಲೆ ಹೆಸರು ಇರುತ್ತದೆ, ರಣಭೂಮಿ ಎಲ್ಲೋ ದೂರದಲ್ಲಿರುತ್ತದೆ. ಇಲ್ಲಿ ಹೆಸರುಗಳ ಗೋಡೆಯ ಎದುರು ನಿಂತು ತಲೆ ಎತ್ತಿದರೆ ಆ ಹೆಸರಿನವರು ಬಿದ್ದ ಬೆಟ್ಟವೇ ಕಾಣುತ್ತದೆ. ಸ್ಮಾರಕ ಇರುವುದು ತೊಲೊಲಿಂಗ್ ಬೆಟ್ಟದ ತಪ್ಪಲಲ್ಲಿ, ದ್ರಾಸ್ ಊರಿನಿಂದ ಐದಾರು ಕಿಲೋಮೀಟರು, ಶ್ರೀನಗರ–ಲೇಹ್ ಹೆದ್ದಾರಿಗೆ ಅಂಟಿಕೊಂಡೇ. ಒಳಗೆ ಇಟ್ಟಿರುವುದೆಲ್ಲ ಆಮೇಲಿನ ಮಾತು. ಮೊದಲು ಬೆಟ್ಟ ನೋಡಿ.

ಲೆಕ್ಕ ಇಷ್ಟು. ದ್ರಾಸ್ ಸಮುದ್ರ ಮಟ್ಟದಿಂದ ಸುಮಾರು 3,280 ಮೀಟರ್. ತೊಲೊಲಿಂಗ್ ತುದಿಯನ್ನು ಸೇನೆಯ ನಕ್ಷೆಯಲ್ಲಿ ಪಾಯಿಂಟ್ 4590 ಅಂತ ಕರೆಯುತ್ತಾರೆ, ಅಂದರೆ ಎತ್ತರ 4,590 ಮೀಟರ್. ನಡುವಿನ ಏರು 1,300 ಮೀಟರ್. ಕುಕ್ಕೆಯಿಂದ ಕುಮಾರ ಪರ್ವತ ಹತ್ತಿದವರಿಗೆ ಇಂಥ ಏರು ಅಂದರೆ ಮಂಡಿ ಏನಾಗುತ್ತದೆ ಅಂತ ಗೊತ್ತು. ಆದರೆ ಅಲ್ಲಿ ಕಾಡಿದೆ, ನೆರಳಿದೆ, ಬೇಕಾದಷ್ಟು ಉಸಿರಿದೆ. ತೊಲೊಲಿಂಗ್ ಮೇಲೆ ಒಂದು ಮರವಿಲ್ಲ, ಒಂದು ಪೊದೆಯೂ ಇಲ್ಲ. ಬರಿ ಬಂಡೆ, ಜಾರುವ ಜಲ್ಲಿಕಲ್ಲು. ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರುವುದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ನಾನು ಸ್ಮಾರಕದ ಅಂಗಳದಲ್ಲಿ ನಾಲ್ಕು ಹೆಜ್ಜೆ ಬಿರಬಿರನೆ ನಡೆದದ್ದಕ್ಕೇ ಎದೆ ಹೊಡೆದುಕೊಳ್ಳುತ್ತಿತ್ತು. ಅದು ಕೆಳಗಿನ ಎತ್ತರದಲ್ಲಿ, ಹಗಲಲ್ಲಿ, ಬರಿಗೈಯಲ್ಲಿ.

ಇನ್ನು ಕಣ್ಣು ಹಾಯುವ ಲೆಕ್ಕ. ಹೆದ್ದಾರಿಯ ಕಡೆ ಮುಖ ಮಾಡಿ ನಿಂತು, ಆಮೇಲೆ ಹಿಂದೆ ತಿರುಗಿ ತುದಿ ನೋಡಿ. ನಮ್ಮ ಕೆಲಸದಲ್ಲಿ ಎರಡು ಬಿಂದುಗಳ ನಡುವೆ ಅಡ್ಡಿಯಿಲ್ಲದೆ ನೋಟ ಹರಿಯಬೇಕು ಅಂದರೆ ಎಷ್ಟೋ ಸಲ ದಿನಗಟ್ಟಲೆ ಜಾಗ ಹುಡುಕಬೇಕಾಗುತ್ತದೆ. ಇಲ್ಲಿ ತುದಿಯ ಮೇಲೆ ಕೂತವನಿಗೆ ರಸ್ತೆಯಲ್ಲಿ ಹೋಗುವ ಒಂದೊಂದು ಲಾರಿಯೂ ಕಾಣುತ್ತದೆ. 1999ರಲ್ಲಿ ಪಾಕಿಸ್ತಾನದ ಪಡೆಗಳು ಗಡಿ ನಿಯಂತ್ರಣ ರೇಖೆ ದಾಟಿ ಬಂದು ಈ ಶಿಖರಗಳಲ್ಲೇ ಯಾಕೆ ಕೂತವು ಅನ್ನುವುದಕ್ಕೆ ಬೇರೆ ವಿವರಣೆ ಬೇಡ. ಲೇಹ್‌ಗೂ ಸಿಯಾಚಿನ್‌ಗೂ ಸಾಮಾನು ಹೋಗುವ ರಸ್ತೆ ಇದು. ಮೇಲಿನಿಂದ ಒಬ್ಬ ದುರ್ಬೀನು ಹಿಡಿದು ಗುರಿ ಹೇಳುತ್ತಿದ್ದರೆ ಸಾಕು, ಅತ್ತಲಿಂದ ಫಿರಂಗಿ ಹೊಡೆಯುತ್ತದೆ. ಶಾಲೆಯಲ್ಲೂ ಟಿವಿಯಲ್ಲೂ ಎಷ್ಟೋ ಸಲ ಕೇಳಿದ ಈ ಸಂಗತಿ ಅಲ್ಲಿ ನಿಂತಾಗ ಕಣ್ಣಿಗೇ ಕಾಣುತ್ತದೆ. ಅದನ್ನು ಮಕ್ಕಳಿಗೂ ತೋರಿಸಿ.

ಸ್ಮಾರಕವನ್ನು ನೋಡಿಕೊಳ್ಳುವುದು ಸೇನೆಯೇ. ಒಳಗೆ ಬಂದವರನ್ನು ಗುಂಪಾಗಿ ನಿಲ್ಲಿಸಿ ಒಬ್ಬ ಸೈನಿಕರು ಯುದ್ಧದ ಕಥೆ ಹೇಳುತ್ತಾರೆ. ಯಾವ ತುದಿ ಯಾವುದು, ಯಾವ ಪಲ್ಟನ್ ಯಾವ ಕಡೆಯಿಂದ ಹತ್ತಿತು ಅಂತ ಕೈ ತೋರಿಸಿ ವಿವರಿಸುತ್ತಾರೆ. ನಾವು ಕೇಳಿದ್ದು ಹಿಂದಿಯಲ್ಲಿ. ಈ ಸೇವೆಗೆ ನಾನು ಪ್ರತ್ಯೇಕವಾಗಿ ನಮಸ್ಕಾರ ಹೇಳಬೇಕು. ಅವರು ಕಿರುಚಲಿಲ್ಲ. ಎದೆ ತಟ್ಟಿಕೊಳ್ಳಲಿಲ್ಲ, ಶತ್ರುವನ್ನು ಬೈಯಲಿಲ್ಲ. ತಾರೀಖು, ಎತ್ತರ, ಪಲ್ಟನ್ ಹೆಸರು, ಬಿದ್ದವರ ಹೆಸರು ಒಂದಾದ ಮೇಲೆ ಒಂದು ಹೇಳಿದರು. ಬಿದ್ದವರ ಹೆಸರು ಬಂದಾಗ ಮಾತ್ರ ಒಂದು ಕ್ಷಣ ನಿಲ್ಲಿಸಿ ಮುಂದುವರಿಯುತ್ತಿದ್ದರು. ಮಾತು ಮುಗಿದ ಮೇಲೆ ನಮ್ಮ ಗುಂಪಿನಲ್ಲಿ ಯಾರೋ ಚಪ್ಪಾಳೆ ತಟ್ಟಲು ಕೈ ಎತ್ತಿ ಹಾಗೇ ಇಳಿಸಿದರು.

ತೊಲೊಲಿಂಗ್ ಕಥೆಯನ್ನು ಇಲ್ಲಿ ಬರೆಯಲೇಬೇಕು, ಯಾಕೆಂದರೆ ಕನ್ನಡಿಗರು ಅದನ್ನು ತಿಳಿದುಕೊಂಡೇ ಅಲ್ಲಿಗೆ ಹೋಗಬೇಕು ಅನ್ನುವುದು ನನ್ನ ಆಸೆ.

ಮೇ ಕೊನೆಯಲ್ಲಿ ಮೊದಲು ಹತ್ತಿದ್ದು 18 ಗ್ರೆನೇಡಿಯರ್ಸ್. ಮೇಲೆ ಕೂತವರು ಕಲ್ಲು ಪೇರಿಸಿ ಮಾಡಿಕೊಂಡ ಸಂಗರ್‌ಗಳಲ್ಲಿ ಮೆಷಿನ್‌ಗನ್ ಇಟ್ಟುಕೊಂಡು ಕಾಯುತ್ತಿದ್ದರು. ಹತ್ತುವವರಿಗೆ ಮರೆ ಅಂದರೆ ಅಲ್ಲೊಂದು ಇಲ್ಲೊಂದು ಬಂಡೆ. ಮೇ 28ರಂದು ತೊಲೊಲಿಂಗ್ ಮೇಲೆ ದಾಳಿಗೆ ಹೋದ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಕ್ಷಿಪಣಿಗೆ ಸಿಕ್ಕಿ ಒಳಗಿದ್ದ ನಾಲ್ವರೂ ಹೋದರು. ಮೇ 30ರಂದು ಮೇಜರ್ ರಾಜೇಶ್ ಸಿಂಗ್ ಅಧಿಕಾರಿ ಬಂಕರ್ ಹತ್ತಿರದವರೆಗೂ ಹೋಗಿ, ಗಾಯಗೊಂಡ ಮೇಲೂ ಹಿಂದೆ ಸರಿಯದೆ ಕಾದಾಡಿ ಬಿದ್ದರು. ಅವರಿಗೆ ಮರಣೋತ್ತರ ಮಹಾವೀರ ಚಕ್ರ. ಅದಾದ ಕೆಲವೇ ದಿನಕ್ಕೆ ಪಲ್ಟನ್‌ನ ಉಪನಾಯಕ ಲೆಫ್ಟಿನೆಂಟ್ ಕರ್ನಲ್ ಆರ್. ವಿಶ್ವನಾಥನ್ ಅದೇ ಇಳಿಜಾರಿನಲ್ಲಿ ಪ್ರಾಣ ಬಿಟ್ಟರು. ಪಲ್ಟನ್‌ನ ಎರಡನೇ ಸ್ಥಾನದ ಅಧಿಕಾರಿ ತಾನೇ ಮುಂದೆ ನಿಂತು ಹತ್ತುತ್ತಿದ್ದರು ಅನ್ನುವುದನ್ನು ಗಮನಿಸಿ. ಈ ಯುದ್ಧದಲ್ಲಿ ಸತ್ತ ಅಧಿಕಾರಿಗಳ ಪಟ್ಟಿ ನೋಡಿದರೆ ಇಪ್ಪತ್ತೆರಡು, ಇಪ್ಪತ್ತನಾಲ್ಕು, ಇಪ್ಪತ್ತೈದರ ವಯಸ್ಸಿನವರೇ ಸಾಲಾಗಿ ಬರುತ್ತಾರೆ. ಹಿಂದೆ ನಿಂತು ಕಳಿಸಿದವರಲ್ಲ, ಮುಂದೆ ನಿಂತು ಕರೆದುಕೊಂಡು ಹೋದವರು.

ಆಮೇಲೆ ಕೆಲಸ 2 ರಾಜಪುತಾನಾ ರೈಫಲ್ಸ್‌ಗೆ ಬಂತು. ಆ ಪಲ್ಟನ್‌ನ ಕಮಾಂಡಿಂಗ್ ಆಫೀಸರ್ ನಮ್ಮ ದಾವಣಗೆರೆ ಜಿಲ್ಲೆಯ ಎಂ.ಬಿ. ರವೀಂದ್ರನಾಥ್. ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿದವರು. ಜೂನ್ 12ರ ರಾತ್ರಿ, ನೂರಕ್ಕೂ ಹೆಚ್ಚು ತೋಪುಗಳು ಬೆಟ್ಟದ ನೆತ್ತಿಯನ್ನು ಜಜ್ಜುತ್ತಿರುವಾಗ ಅವರ ಹುಡುಗರು ಹತ್ತಿದರು. ತೋಪು ಎಷ್ಟು ಹೊಡೆದರೂ ಕೊನೆಯ ಕೆಲವು ಮೀಟರು ಮನುಷ್ಯನೇ ಹೋಗಬೇಕು. ಹತ್ತಿರ ಹೋದ ಮೇಲೆ ತಮ್ಮದೇ ಶೆಲ್ ತಮ್ಮವರ ಮೇಲೆ ಬೀಳಬಾರದಲ್ಲ, ತೋಪು ನಿಲ್ಲಿಸಲೇಬೇಕು. ಆಗ ಬಂಡೆಯ ಈ ಕಡೆ ಒಬ್ಬ, ಆ ಕಡೆ ಒಬ್ಬ. ಗ್ರೆನೇಡ್, ಬಾಯೊನೆಟ್, ಕೈಕೈ ಮಿಲಾಯಿಸಿ ಹೊಡೆದಾಟ. ಮೇಜರ್ ವಿವೇಕ್ ಗುಪ್ತಾ ಗುಂಡು ತಗುಲಿದ ಮೇಲೂ ಬಂಕರಿಗೆ ನುಗ್ಗಿ ಅಲ್ಲೇ ಕೊನೆಯುಸಿರೆಳೆದರು. ನಾಯಕ್ ದಿಗೇಂದ್ರ ಕುಮಾರ್ ಎಡಗೈಗೆ ಗುಂಡು ಬಿದ್ದು ಅದು ನಿಷ್ಪ್ರಯೋಜಕವಾದಾಗ ಒಂದೇ ಕೈಯಲ್ಲಿ ಲೈಟ್ ಮೆಷಿನ್‌ಗನ್ ನಡೆಸುತ್ತ ಹೋದರು. ಇಬ್ಬರಿಗೂ ಮಹಾವೀರ ಚಕ್ರ ಬಂತು, ಸ್ವತಃ ಪಡೆಯಲು ಉಳಿದವರು ದಿಗೇಂದ್ರ ಒಬ್ಬರೇ. ಜೂನ್ 13ರ ಬೆಳಗಿನ ಹೊತ್ತಿಗೆ ತೊಲೊಲಿಂಗ್ ಕೈಗೆ ಬಂದಿತ್ತು. ಕಾರ್ಗಿಲ್ ಯುದ್ಧದಲ್ಲಿ ನಮ್ಮ ಸೇನೆಗೆ ಸಿಕ್ಕ ಮೊದಲ ದೊಡ್ಡ ಗೆಲುವು ಅದು. ಅಲ್ಲಿಂದ ಮುಂದೆ ಯುದ್ಧದ ದಿಕ್ಕೇ ಬದಲಾಯಿತು. ರವೀಂದ್ರನಾಥ್ ಅವರಿಗೆ ವೀರ ಚಕ್ರ ಕೊಟ್ಟರು. ಮುಂದೆ ಕರ್ನಲ್ ಆಗಿ ನಿವೃತ್ತರಾಗಿ, 2018ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ನಮ್ಮ ನಡುವೆಯೇ ಇದ್ದ ಮನುಷ್ಯ. ಅವರ ಹೆಸರು ಕನ್ನಡದ ಮಕ್ಕಳ ಬಾಯಲ್ಲಿ ಇರಬೇಕಿತ್ತು ಅನ್ನುವ ಸಂಕಟ ನನಗೆ ಅಲ್ಲಿ ನಿಂತಾಗ ಬಂತು, ಇದನ್ನು ಬರೆಯುವಾಗಲೂ ಇದೆ.

ವಿವರಣೆ ಮುಗಿದ ಮೇಲೆ ನಾನು ಹೊರಗೇ ನಿಂತು ಬೆಟ್ಟ ನೋಡುತ್ತಿದ್ದೆ. ಎಡಗಡೆಯ ಏಣಿನ ಮೇಲೆ ಹೋದರೆ ಎಷ್ಟು ಡಿಗ್ರಿ, ನಡುವಿನ ಕೊರಕಲಿನಲ್ಲಿ ಹೋದರೆ ಮೇಲಿನವರಿಗೆ ಕಾಣುತ್ತದೋ ಇಲ್ಲವೋ ಅಂತ ಮನಸ್ಸಿನಲ್ಲೇ ಗೆರೆ ಎಳೆಯುತ್ತಿದ್ದೆ. ನಾವು ನಾವು ಕನ್ನಡದಲ್ಲಿ ಮಾತಾಡಿದ್ದು ಕೇಳಿಸಿತೇನೋ, ಡ್ಯೂಟಿಯಲ್ಲಿದ್ದ ಒಬ್ಬ ಯುವ ಸೈನಿಕ ಹತ್ತಿರ ಬಂದ. ಬೆಳಗಾವಿ ಕಡೆಯ ಹುಡುಗ.

"ಯಾವೂರ್ರೀ ಸರ ನಿಮ್ದು? ಏನ್ ನೋಡಾಕತ್ತೀರಿ ಇಷ್ಟೊತ್ತಿಂದ?"

"ಎಲ್ಲಿಂದ ಹತ್ತಿರಬಹುದು ಅಂತ ನೋಡ್ತಿದ್ದೀನಪ್ಪ," ಅಂದೆ.

"ಹಂಗ ತಿಳ್ಯಾಂಗಿಲ್ರೀ ಸರ. ನೀವು ಹಗಲಾಗ ನೋಡಾಕತ್ತೀರಿ. ಅವ್ರು ರಾತ್ರ್ಯಾಗ ಹತ್ಯಾರ. ಹಗಲಾಗ ಒಂದ್ ಕೈ ಅಳ್ಳಾಡಿದ್ರೂ ಮ್ಯಾಲಿನವ್ರಿಗೆ ಕಾಣ್ತಿತ್ತು."

ಇಂಥ ಬೆಟ್ಟ ನೀನು ಹತ್ತಿದ್ದೀಯಾ ಅಂತ ಕೇಳಿದೆ.

"ಟ್ರೇನಿಂಗ್‌ನ್ಯಾಗ ಹತ್ತೇನ್ರೀ. ಬೆನ್ನ ಮ್ಯಾಲ ವಜ್ಜಿ ಹೊತ್ಕೊಂಡೇ ಹತ್ತೇನಿ. ಆದ್ರ ಆವಾಗ ಮ್ಯಾಲಿಂದ ಯಾರೂ ಹೊಡೀತಿರ್ಲಿಲ್ಲಲ್ರೀ ಸರ."

ಅಷ್ಟು ಹೇಳಿ ನೆಟ್ಟಗೆ ನಿಂತು ತನ್ನ ಜಾಗಕ್ಕೆ ಹೋದ. ಯುದ್ಧ ಮುಗಿದು ಎರಡು ದಶಕ ಆದ ಮೇಲೆ ಸೇನೆ ಸೇರಿದ ಹುಡುಗ. ಸತ್ತವರ ಬಗ್ಗೆ ಆ ಧಾಟಿಯಲ್ಲಿ, ಒಂದು ಮಾತೂ ಹೆಚ್ಚಾಗದ ಹಾಗೆ ಮಾತಾಡುವುದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಅವನ ಮಾತು ಹಿಡಿದುಕೊಂಡು ರೂಮಿಗೆ ಬಂದ ಮೇಲೆ ಆ ರಾತ್ರಿಗಳ ಚಂದ್ರನ ಸ್ಥಿತಿ ತೆಗೆದು ನೋಡಿದೆ. 1999ರ ಜೂನ್ 13 ಅಮಾವಾಸ್ಯೆ. ಅಂದರೆ ತೊಲೊಲಿಂಗ್ ಹತ್ತಿದ ರಾತ್ರಿ ಕಣ್ಣಿಗೆ ಕೈ ಕಾಣದ ಕತ್ತಲು. ಎಲ್ಲಿ ಕಾಲಿಟ್ಟರೆ ಕಲ್ಲು ಜಾರುತ್ತದೆ ಅಂತ ಗೊತ್ತಾಗದು, ಕಲ್ಲು ಜಾರಿದರೆ ಸದ್ದು, ಸದ್ದಾದರೆ ಗುಂಡು. ಅದೇ ಪಲ್ಟನ್ ಅದೇ ತಿಂಗಳ 28ರ ರಾತ್ರಿ ಥ್ರೀ ಪಿಂಪಲ್ಸ್ ಅನ್ನುವ ಶಿಖರಗಳ ಮೇಲೆ ಮತ್ತೆ ದಾಳಿಗೆ ಹೋಯಿತು. ಅವತ್ತು ಹುಣ್ಣಿಮೆ. ಬೋಳು ಬಂಡೆಯ ಮೇಲೆ ಬೆಳದಿಂಗಳು ಬಿದ್ದರೆ ನೆರಳು ಎಷ್ಟು ಕಪ್ಪಾಗಿ ಬೀಳುತ್ತದೆ ಅಂತ ರಾತ್ರಿ ಬೆಟ್ಟದಲ್ಲಿ ಉಳಿದವರಿಗೆ ಹೇಳಬೇಕಿಲ್ಲ. ಕತ್ತಲೆಯಲ್ಲಿ ದಾರಿ ಕಾಣದು, ಬೆಳದಿಂಗಳಲ್ಲಿ ತಾವೇ ಕಾಣಿಸಿಕೊಳ್ಳುತ್ತಾರೆ. ಎರಡೂ ರಾತ್ರಿ ಹತ್ತಿದವರು ಅವರೇ.

ಆ ಹುಣ್ಣಿಮೆಯ ರಾತ್ರಿ ಹೋದವರಲ್ಲಿ ಮೂವರ ಹೆಸರು ನೆನಪಿಟ್ಟುಕೊಂಡು ಗೋಡೆಯ ಹತ್ತಿರ ಹೋಗಿ. ಮೇಜರ್ ಪದ್ಮಪಾಣಿ ಆಚಾರ್ಯ, ಮಹಾವೀರ ಚಕ್ರ. ಕ್ಯಾಪ್ಟನ್ ನೇಕೆಝಕುವೊ ಕೆಂಗುರೂಸ್, ಅವರಿಗೂ ಮಹಾವೀರ ಚಕ್ರ. ನಾಗಾಲ್ಯಾಂಡಿನವರು, ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಸೇನೆಯ ಸರಬರಾಜು ವಿಭಾಗದಿಂದ ಈ ಪಲ್ಟನ್‌ಗೆ ಬಂದು ಕಮಾಂಡೊ ತುಕಡಿಯ ನಾಯಕತ್ವ ವಹಿಸಿದ್ದರು. ಹೊಟ್ಟೆಗೆ ಚೂರು ತಗುಲಿ ರಕ್ತ ಸುರಿಯುತ್ತಿತ್ತು. ಎದುರಿಗೆ ಕೊನೆಯದೊಂದು ಕಡಿದಾದ ಬಂಡೆ, ಬೂಟು ಜಾರುತ್ತಿತ್ತು. ಆ ಕೊರೆಯುವ ಚಳಿಯಲ್ಲಿ ಬೂಟು ಬಿಚ್ಚಿಟ್ಟು, ರಾಕೆಟ್ ಲಾಂಚರ್ ಹೊತ್ತು ಬರಿಗಾಲಲ್ಲಿ ಬಂಡೆ ಹಿಡಿದು ಹತ್ತಿದರು. ಬಂಕರಿಗೆ ಹೊಡೆದರು, ಕೈಕೈ ಹೋರಾಟದಲ್ಲಿ ಇಬ್ಬರನ್ನು ಕೆಡವಿದರು, ಆಮೇಲೆ ಗುಂಡು ತಗುಲಿ ಆ ಬಂಡೆಯ ಮೇಲಿಂದಲೇ ಕೆಳಗೆ ಬಿದ್ದರು. ನಾನು ಬರಿಗಾಲಲ್ಲಿ ಬಂಡೆ ಹತ್ತಿದವನೇ. ನಮ್ಮ ಬಂಡೆ ಬಿಸಿಲಿಗೆ ಕಾದಿರುತ್ತದೆ, ಪಾದ ಕಚ್ಚಿ ಹಿಡಿಯುತ್ತದೆ. ಮಂಜು ಹೆಪ್ಪುಗಟ್ಟುವ ಎತ್ತರದ ಕಲ್ಲಿನ ಮೇಲೆ ಬರಿಪಾದ ಇಟ್ಟರೆ ಕೆಲವೇ ಕ್ಷಣಕ್ಕೆ ಸ್ಪರ್ಶವೇ ಹೋಗುತ್ತದೆ. ಹಿಡಿತಕ್ಕಾಗಿ ಆ ಪಾದವನ್ನೇ ನಂಬಿದರು.

ಮೂರನೆಯವರು ಕ್ಯಾಪ್ಟನ್ ವಿಜಯಂತ್ ಥಾಪರ್, ಇಪ್ಪತ್ತೆರಡು ವರ್ಷ. ಸೇನೆಗೆ ಸೇರಿ ಆಗಿದ್ದದ್ದು ಆರೇಳು ತಿಂಗಳು. ಅವರಿಗೆ ವೀರ ಚಕ್ರ. ದಾಳಿಗೆ ಹೊರಡುವ ಮುಂಚೆ ಮನೆಗೆ ಬರೆದಿಟ್ಟ ಕಾಗದ ಈಗ ದೇಶಕ್ಕೆಲ್ಲ ಗೊತ್ತು. ನನ್ನ ದೇಹದಿಂದ ಏನು ತೆಗೆಯಲು ಸಾಧ್ಯವೋ ಅದನ್ನು ದಾನ ಮಾಡಿ, ಅನಾಥಾಶ್ರಮಕ್ಕೆ ಸ್ವಲ್ಪ ಹಣ ಕೊಡಿ, ಕಾಶ್ಮೀರದ ಒಬ್ಬ ಪುಟ್ಟ ಹುಡುಗಿಗೆ ತಿಂಗಳಿಗೆ 50 ರೂಪಾಯಿ ಕೊಡುತ್ತಿರಿ ಅಂತ ಬರೆದಿದ್ದಾರೆ. ಇನ್ನೂ ಒಂದು ಕೇಳಿಕೊಂಡಿದ್ದಾರೆ: ಸಾಧ್ಯವಾದರೆ ಬಂದು, ನಿಮ್ಮ ನಾಳೆಗಾಗಿ ಸೇನೆ ಎಲ್ಲಿ ಕಾದಾಡಿತು ಅನ್ನುವುದನ್ನು ನೋಡಿ ಅಂತ. ಅವರ ತಂದೆ ತಾವೂ ನಿವೃತ್ತ ಕರ್ನಲ್. ಮಗನ ಮಾತಿನಂತೆ ಬಂದು ನೋಡಿದರು. ಈ ಸ್ಮಾರಕಕ್ಕೆ ಹೋಗಿ ಅಂತ ನಾನು ಇಷ್ಟು ಒತ್ತಿ ಹೇಳುತ್ತಿರುವುದಕ್ಕೆ ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಸಾಯುವ ಮುಂಚೆ ಸೈನಿಕನೇ ಕರೆದಿದ್ದಾನೆ, ಬಂದು ಜಾಗ ನೋಡಿ ಅಂತ.

ಈಗ ಒಳಗಿನ ಮಾತು. ಗೇಟಿನಿಂದ ಸ್ಮಾರಕದ ಕಡೆಗೆ ಹೋಗುವ ನೇರ ಹಾದಿಗೆ ವಿಜಯಪಥ ಅಂತ ಹೆಸರು. ತುದಿಯಲ್ಲಿ ಅಮರ ಜ್ಯೋತಿ, ಅದರ ಹಿಂದೆ ಗುಲಾಬಿ ಬಣ್ಣದ ಮರಳುಗಲ್ಲಿನ ಗೋಡೆ, ಅದರಲ್ಲಿ ಹುತಾತ್ಮರ ಹೆಸರುಗಳು. ಈ ಯುದ್ಧದಲ್ಲಿ ನಾವು ಕಳೆದುಕೊಂಡದ್ದು 527 ಮಂದಿಯನ್ನು. ಗಾಯಗೊಂಡವರು 1,300ಕ್ಕೂ ಹೆಚ್ಚು. ಗೋಡೆಯ ಮೇಲೆ ಕ್ಯಾಪ್ಟನ್ ಪಕ್ಕದಲ್ಲಿ ಸಿಪಾಯಿ, ರೈಫಲ್‌ಮನ್, ಗ್ರೆನೇಡಿಯರ್, ಎಲ್ಲರೂ ಇದ್ದಾರೆ. ನಮಗೆ ಬಾಯಿಪಾಠ ಇರುವುದು ನಾಲ್ಕೈದು ಹೆಸರು. ದಯವಿಟ್ಟು ಒಂದು ಪಟ್ಟಿಯನ್ನಾದರೂ ಮೇಲಿಂದ ಕೆಳಗೆ ಪೂರ್ತಿ ಓದಿ. ಯಾರೂ ಸಿನಿಮಾ ಮಾಡದ, ಯಾವ ರಸ್ತೆಗೂ ಇಡದ ಹೆಸರುಗಳು ಅವು. ಪಕ್ಕದ ವೀರಭೂಮಿಯಲ್ಲಿ ಹುತಾತ್ಮರ ಹೆಸರು ಬರೆದ ಕಲ್ಲುಗಳು ಸಾಲಾಗಿ ನಿಂತಿವೆ.

ಮ್ಯೂಸಿಯಂ ಭಾಗಕ್ಕೆ ಕ್ಯಾಪ್ಟನ್ ಮನೋಜ್ ಕುಮಾರ್ ಪಾಂಡೆಯವರ ಹೆಸರಿಟ್ಟಿದ್ದಾರೆ. ಬಟಾಲಿಕ್ ಕಡೆಯ ಖಾಲುಬಾರ್‌ನಲ್ಲಿ ಜುಲೈ 3ರಂದು ಒಂದಾದ ಮೇಲೆ ಒಂದು ಬಂಕರ್ ತೆರವುಗೊಳಿಸುತ್ತ ಹೋಗಿ ನಾಲ್ಕನೆಯದರ ಹತ್ತಿರ ಬಿದ್ದ ಗೂರ್ಖಾ ರೈಫಲ್ಸ್ ಅಧಿಕಾರಿ, ಪರಮವೀರ ಚಕ್ರ ಪುರಸ್ಕೃತರು. ಒಳಗೆ ವಶಪಡಿಸಿಕೊಂಡ ಆಯುಧಗಳು, ಫೋಟೊಗಳು, ಭೂಮಿಯ ಏರಿಳಿತ ತೋರಿಸುವ ಮಾದರಿ ಇವೆ. ನನ್ನ ಸಲಹೆ: ಮೊದಲು ಈ ಮಾದರಿಯ ಎದುರು ಸಾಕಷ್ಟು ಹೊತ್ತು ನಿಲ್ಲಿ. ಟೈಗರ್ ಹಿಲ್ ಯಾವುದು, ತೊಲೊಲಿಂಗ್ ಯಾವುದು, ಮುಷ್ಕೋ ಕಣಿವೆ ಎಲ್ಲಿ, ರಸ್ತೆ ಎಲ್ಲಿ ಅಂತ ಗುರುತು ಹಾಕಿಕೊಂಡು ಹೊರಗೆ ಬಂದರೆ ಕಣ್ಣೆದುರಿನ ಬೆಟ್ಟಗಳಿಗೆ ಹೆಸರು ಬರುತ್ತದೆ. ಹೊರಗೆ ಬೊಫೋರ್ಸ್ ತೋಪು, ಮಿಗ್-21 ವಿಮಾನ ಇವೆ. ಎಲ್ಲರೂ ಅಲ್ಲೇ ಫೋಟೊಕ್ಕೆ ಮುತ್ತಿಕೊಳ್ಳುತ್ತಾರೆ. ಕೆಫೆ ಇದೆ, ನೆನಪಿನ ವಸ್ತುಗಳ ಅಂಗಡಿ ಇದೆ. ಅದರ ಬಗ್ಗೆ ಬರೆಯುವಂಥದ್ದೇನಿಲ್ಲ.

ಟೈಗರ್ ಹಿಲ್ ಎಲ್ಲಿ ಅಂತಲೇ ಬಂದವರೆಲ್ಲ ಮೊದಲು ಕೇಳುವುದು. 5,062 ಮೀಟರ್, ಚೂಪು ತುದಿ, ಬೇರೆ ಬೆಟ್ಟಗಳ ನಡುವೆ ಎದ್ದು ಕಾಣುತ್ತದೆ. ಗ್ರೆನೇಡಿಯರ್ ಯೋಗೇಂದ್ರ ಸಿಂಗ್ ಯಾದವ್ ಹತ್ತೊಂಬತ್ತರ ಹುಡುಗನಾಗಿದ್ದಾಗ ಜುಲೈ 4ರಂದು ಅಲ್ಲಿ ಹಗ್ಗ ಕಟ್ಟುತ್ತ ಹತ್ತಿ, ಮೈತುಂಬ ಗುಂಡು ತಿಂದೂ ಬಂಕರ್ ಮುರಿದು, ಬದುಕಿ ಬಂದು ಪರಮವೀರ ಚಕ್ರ ಪಡೆದರು. ಕ್ಯಾಪ್ಟನ್ ವಿಕ್ರಮ್ ಬಾತ್ರಾ ಜುಲೈ 7ರಂದು ಬಿದ್ದ ಪಾಯಿಂಟ್ 4875 ಅನ್ನೂ ಇಲ್ಲಿಂದ ತೋರಿಸುತ್ತಾರೆ. ಅದೇ ಶಿಖರದ ಹೋರಾಟದಲ್ಲಿ ರೈಫಲ್‌ಮನ್ ಸಂಜಯ್ ಕುಮಾರ್ ಪರಮವೀರ ಚಕ್ರ ಪಡೆದರು. ಈ ಕಥೆಗಳು ನಿಮಗೆ ಗೊತ್ತೇ ಇರುತ್ತವೆ.

ಟೈಗರ್ ಹಿಲ್ ನೋಡುವಾಗ ನನಗೆ ನೆನಪಾದದ್ದು ಇನ್ನೊಂದು. ಆ ತುದಿಗಾಗಿ ನಡೆದ ಕಾಳಗದಲ್ಲಿ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ (ಕರ್ನಲ್ ಅನ್ನುವುದು ಹುದ್ದೆಯಲ್ಲ, ಅವರ ಹೆಸರೇ) ತನ್ನವರನ್ನು ಮತ್ತೆ ಮತ್ತೆ ಒಟ್ಟುಗೂಡಿಸಿ ಪ್ರತಿದಾಳಿಗೆ ಬಂದು ಸತ್ತರು. ಎದುರು ನಿಂತು ಹೊಡೆದಾಡಿದ ನಮ್ಮ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಆ ದೇಹವನ್ನು ವಾಪಸ್ ಕಳಿಸುವಾಗ, ಇವರು ತುಂಬ ಧೈರ್ಯದಿಂದ ಕಾದಾಡಿದರು ಅಂತ ಚೀಟಿ ಬರೆದು ಜೇಬಿನಲ್ಲಿಟ್ಟರು. ಪಾಕಿಸ್ತಾನ ಅವರಿಗೆ ತನ್ನ ಅತ್ಯುನ್ನತ ಪದಕ ನಿಶಾನ್-ಎ-ಹೈದರ್ ಕೊಟ್ಟಿತು. ತನ್ನ ಹುಡುಗರನ್ನು ಕೊಂದವನ ಶೌರ್ಯವನ್ನು ಗುರುತಿಸಿ ಬರೆಯಬೇಕಾದರೆ ಆ ಬ್ರಿಗೇಡಿಯರ್‌ಗೆ ಶೌರ್ಯ ಅಂದರೆ ಏನು ಅಂತ ಎಷ್ಟು ಚೆನ್ನಾಗಿ ಗೊತ್ತಿರಬೇಕು. ನಮ್ಮ ಸೇನೆಯ ಬಗ್ಗೆ ನನಗೆ ಹೆಮ್ಮೆ ಅನ್ನಿಸುವ ಸಂಗತಿಗಳಲ್ಲಿ ಇದೂ ಒಂದು. ಮನೆಯಲ್ಲಿ ಕೂತು ಬೈಯುವವರಿಗೆ ಇದನ್ನು ಹೇಳಬೇಕು.

ಬೇಸರವಾದದ್ದು ಬಂದವರ ನಡವಳಿಕೆ. ವೀರಭೂಮಿಯ ಕಲ್ಲುಗಳ ನಡುವೆ ಕೂತು ರೀಲ್ಸ್ ಮಾಡುತ್ತಿದ್ದರು. ಒಬ್ಬರು ಕಲ್ಲಿಗೆ ಒರಗಿ ಬೆರಳು ಎತ್ತಿ ಪೋಸು. ನಾನು ಹೋಗಿ ಮೆಲ್ಲಗೆ, "ತಮ್ಮಾ, ಅದು ಒಬ್ಬರ ಹೆಸರಿರೋ ಕಲ್ಲು" ಅಂದೆ. ಹುಡುಗ ಎದ್ದ, ಸಾರಿ ಅಂದ. ಹೇಳಿದರೆ ಕೇಳುತ್ತಾರೆ, ಹೇಳುವವರು ಬೇಕು. ಮಕ್ಕಳನ್ನು ಕರೆದುಕೊಂಡು ಹೋಗುವವರು ಗೇಟಿನ ಹೊರಗೇ ಇಷ್ಟು ತಿಳಿಸಿ ಒಳಗೆ ಕರೆದುಕೊಂಡು ಹೋಗಿ. ಪ್ರವಾಸ ಏರ್ಪಡಿಸುವ ನಮ್ಮ ಕಡೆಯವರೂ ಬಸ್ಸಿನಲ್ಲಿ ಬರುವಾಗ ಹತ್ತು ನಿಮಿಷ ಕನ್ನಡದಲ್ಲಿ ಈ ಯುದ್ಧದ ಬಗ್ಗೆ ಹೇಳಿದರೆ ಸಾಕು. ಹಿಂದಿ ಬಾರದ ಹಿರಿಯರು ವಿವರಣೆಯ ಹೊತ್ತಿನಲ್ಲಿ ಸುಮ್ಮನೆ ಬೆಟ್ಟ ನೋಡುತ್ತ ನಿಲ್ಲುವುದು ತಪ್ಪುತ್ತದೆ. ಪಕ್ಕದಲ್ಲಿ ನಿಂತು ಅನುವಾದ ಮಾಡಲು ಮನೆಯವರಲ್ಲೇ ಒಬ್ಬರನ್ನು ಸಿದ್ಧ ಮಾಡಿಕೊಂಡು ಹೋಗಿ.

ಹೋಗುವ ದಾರಿ, ಕಾಲ. ಶ್ರೀನಗರದಿಂದ ದ್ರಾಸ್ ಸುಮಾರು 140 ಕಿಲೋಮೀಟರು. ನಡುವೆ ಜೊಜಿ ಲಾ, 3,528 ಮೀಟರ್ ಎತ್ತರದ ಕಣಿವೆದಾರಿ. ಚಳಿಗಾಲದಲ್ಲಿ ಹಿಮ ಬಿದ್ದರೆ ಮುಚ್ಚುತ್ತದೆ, ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಇಟ್ಟುಕೊಳ್ಳಿ. ಜೊಜಿ ಲಾ ದಾಟುವಾಗ ನಿದ್ದೆ ಮಾಡಬೇಡಿ. 1948ರ ನವೆಂಬರ್ 1ರಂದು ಆ ಎತ್ತರಕ್ಕೆ ಸ್ಟುವರ್ಟ್ ಟ್ಯಾಂಕ್‌ಗಳನ್ನು ಹತ್ತಿಸಿ ಶತ್ರುವನ್ನು ದಂಗುಬಡಿಸಿದವರು ಕೊಡಗಿನ ತಿಮ್ಮಯ್ಯನವರು, ಆಗ ಮೇಜರ್ ಜನರಲ್. ಅಲ್ಲಿಗೆ ಟ್ಯಾಂಕ್ ಬರಬಹುದು ಅಂತ ಎದುರಾಳಿ ಕನಸಿನಲ್ಲೂ ಎಣಿಸಿರಲಿಲ್ಲ. ಆ ತಿರುವುಗಳಲ್ಲಿ ಇವತ್ತು ಕಾರು ಹತ್ತಿಸಲು ಡ್ರೈವರ್ ಪಡುವ ಕಷ್ಟ ನೋಡಿದರೆ ಆ ಕೆಲಸದ ತೂಕ ಗೊತ್ತಾಗುತ್ತದೆ. ಒಂದೇ ರಸ್ತೆ, ಐವತ್ತು ವರ್ಷದ ಅಂತರದ ಎರಡು ಯುದ್ಧ, ಎರಡರಲ್ಲೂ ಮುಂದೆ ನಿಂತ ಕನ್ನಡನಾಡಿನವರು.

ಗೇಟಿನಲ್ಲಿ ತೋರಿಸಲು ಗುರುತಿನ ಚೀಟಿ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಬಿಸಿಲಿದ್ದರೂ ಗಾಳಿ ಕೊರೆಯುತ್ತದೆ, ಸ್ವೆಟರ್ ಬೇಕೇ ಬೇಕು. ಶ್ರೀನಗರದಿಂದ ಒಂದೇ ಉಸಿರಿಗೆ ಬಂದಿದ್ದರೆ ವಯಸ್ಸಾದವರು ನಿಧಾನಕ್ಕೆ ನಡೆಯಿರಿ, ನೀರು ಕುಡಿಯುತ್ತಿರಿ. ದುರ್ಬೀನು ಇದ್ದರೆ ಖಂಡಿತ ತಗೊಂಡು ಹೋಗಿ, ಏಣುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಜುಲೈ 26, ವಿಜಯ ದಿವಸದಂದು ದೊಡ್ಡ ಸಮಾರಂಭ ಇರುತ್ತದೆ, ಭದ್ರತೆಯೂ ಬಿಗಿ, ಜನವೂ ಹೆಚ್ಚು. ಅವತ್ತು ಹುತಾತ್ಮರ ಮನೆಯವರು ದೂರದೂರದಿಂದ ಬರುತ್ತಾರೆ, ಗೋಡೆಯ ಮೇಲಿನ ಒಂದು ಹೆಸರನ್ನು ಕೈಯಿಂದ ಮುಟ್ಟಲು. ನೀವು ಆ ದಿನವೇ ಹೋಗುವುದಾದರೆ ಗೋಡೆಯ ಹತ್ತಿರದ ಜಾಗ ಅವರಿಗೆ ಬಿಟ್ಟು ಹಿಂದೆ ನಿಲ್ಲಿ. ನಿಮಗೆ ಬೆಟ್ಟ ಹಿಂದಿನಿಂದಲೂ ಕಾಣುತ್ತದೆ.